ಏಳನೆಯ ತಿರುವಿನಲ್ಲಿ ನಿಂತ ಕಾರು

ನಮ್ಮ ಸೆರಾವೊ ಮನೆತನ ಮಂಗಳೂರಿನಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಿಂದ ಬಾಳಿಕೊಂಡು ಬಂದದ್ದು. ನಮ್ಮ ಹೆಸರು ಹೇಳಿದರೆ ಕೆಲವರಿಗೆ ಇಗರ್ಜಿಯ ಮುಂದಿನ ಸಾಲಿನ ಬೆಂಚು ನೆನಪಾಗುತ್ತದೆ, ಉಳಿದವರಿಗೆ ಎಂಜಿನ್ ನೆನಪಾಗುತ್ತದೆ. ನನ್ನ ಅಜ್ಜ ಬಸ್ಸುಗಳ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ನನ್ನ ತಂದೆ ಪಂದ್ಯದ ಕಾರುಗಳನ್ನು ಹದ ಮಾಡುತ್ತಿದ್ದರು. ನಮ್ಮ ಗ್ಯಾರೇಜಿನಿಂದ ಹೊರಟ ಕಾರು ದಾರಿಯಲ್ಲಿ ನಿಂತಿತೆಂದು ಈವರೆಗೆ ಯಾರೂ ಬಂದು ಹೇಳಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸುಳ್ಳು ವಿನಯವನ್ನು ಕಾನ್ವೆಂಟಿನಲ್ಲಿ ನನಗೆ ಯಾರೂ ಕಲಿಸಲಿಲ್ಲ.

ತಂದೆಯ ನಂತರ ಗ್ಯಾರೇಜು ನನ್ನ ಕೈಗೆ ಬಂತು. ಕಲಿಯಲು ಬಂದವರಿಗೆ ನಾನು ಕಲಿಸುತ್ತೇನೆ. ಕೆಲಸ ನಡೆಸುವವರು ಇದ್ದಿನಬ್ಬ ಮೇಸ್ತ್ರಿ. ನನ್ನ ತಂದೆಯೇ ಅವರನ್ನು ಸೇರಿಸಿಕೊಂಡದ್ದು. ಈಗ ನಲವತ್ತೊಂದು ವರ್ಷವಾಯಿತು.

ನನ್ನ ಶಿಷ್ಯರಲ್ಲಿ ಕೀರ್ತನ್ ಎಂಬವನು ಜಾಣ. ಎಂಜಿನಿಯರಿಂಗ್ ಓದಿದವನು, ಸ್ವಂತ ಕಾರನ್ನು ಪಂದ್ಯಕ್ಕೆ ಸಿದ್ಧಮಾಡುತ್ತಿದ್ದಾನೆ. ಕಳೆದ ಸೋಮವಾರ ಅವನು ಕಾರಿಗೆ ಅಗಲದ ಸೈಲೆನ್ಸರನ್ನೂ ಹೊಳೆಯುವ ಏರ್ ಫಿಲ್ಟರನ್ನೂ ಹಾಕಬೇಕೆಂದ. ಮೇಸ್ತ್ರಿ ಬೇಡವೆಂದರು. ಆಗ ನಾಲ್ಕು ಜನ ಗಿರಾಕಿಗಳ ಎದುರಿಗೆ ಕೀರ್ತನ್ ಹೇಳಿದ:

"ಮನುಷ್ಯರ ಮಾತೇ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಮೇಸ್ತ್ರಿ. ಎಂಜಿನ್ ಮಾತು ಎಲ್ಲಿಂದ ಕೇಳಿಸೀತು?"

ಇಬ್ಬರು ಗಿರಾಕಿಗಳು ನಕ್ಕರು. ಮೇಸ್ತ್ರಿ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದರು. ನಾನು ಆ ಹೊತ್ತು ಹಲ್ಲಿನ ಡಾಕ್ಟರ ಬಳಿ ಇದ್ದೆ. ಬಂದ ಮೇಲೆ ಮೂವರು ನಡೆದದ್ದನ್ನು ಮೂರು ಬಗೆಯಲ್ಲಿ ಹೇಳಿದರು. ಆ ಒಂದು ಮಾತು ಮಾತ್ರ ಮೂವರ ಬಾಯಲ್ಲೂ ಒಂದೇ ಆಗಿತ್ತು. ಮಂಗಳವಾರ ಮೇಸ್ತ್ರಿ ಬರಲಿಲ್ಲ. ಬುಧವಾರವೂ ಬರಲಿಲ್ಲ. ಜನ ಕಳುಹಿಸಿದೆ. "ಇನ್ನು ನನಗೆ ಆ ಕೆಲಸ ಸಾಕು, ಅಮ್ಮನಿಗೆ ಸಲಾಂ ಹೇಳು" ಎಂದು ನನಗೆ ಹೇಳಿ ಕಳುಹಿಸಿದರು.

ಗುರುವಾರ ಬೆಳಿಗ್ಗೆ ಕೀರ್ತನ್ ನನ್ನ ಮುಂದೆ ಬಂದು ನಿಂತ.

"ಮೇಡಂ, ಇನ್‌ಟೇಕ್, ಎಕ್ಸಾಸ್ಟ್, ಇವೆರಡರಲ್ಲಿ ಮೊದಲು ಬದಲಿಸಬೇಕಾದದ್ದು ಯಾವುದು?"

ಏರ್ ಫಿಲ್ಟರಿನ ಕಡೆಯೋ, ಸೈಲೆನ್ಸರಿನ ಕಡೆಯೋ ಎಂದು ಕೇಳಿದನೇ ಹೊರತು ಮೇಸ್ತ್ರಿಯ ಸುದ್ದಿ ಎತ್ತಲಿಲ್ಲ.

"ಪ್ರಶ್ನೆ ಕೇಳುವಾಗ ಕೈ ಜೇಬಿನಲ್ಲಿರಬಾರದು" ಎಂದೆ. ತೆಗೆದ. "ಉತ್ತರಕ್ಕೆ ಮೊದಲು ಒಂದು ಕತೆ ಇದೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ. ಕುಳಿತುಕೋ."

ಅವನು ಹತ್ತಿರದಲ್ಲಿದ್ದ ಸ್ಟೂಲನ್ನು ಎಳೆದುಕೊಂಡ.

"ಅದು ಮೇಸ್ತ್ರಿಯದು. ಬೆಂಚಿನ ಮೇಲೆ ಕುಳಿತುಕೋ."

ಅವನು ಬೆಂಚಿನ ಮೇಲೆ ಕುಳಿತ. ನಾನು ಹೇಳತೊಡಗಿದೆ.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಲ್ಲಿ ಒಂದು ವೇಗದ ಕಾರಿತ್ತು. ಆ ಊರಿನ ಪಕ್ಕದ ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರಿನ ಪಂದ್ಯ ನಡೆಯುತ್ತಿತ್ತು. ಒಬ್ಬೊಬ್ಬರಾಗಿ ಗುಡ್ಡ ಏರಬೇಕು, ಕಡಿಮೆ ಹೊತ್ತಿನಲ್ಲಿ ಏರಿದವನು ಗೆದ್ದ. ದಾರಿಯಲ್ಲಿ ಹನ್ನೊಂದು ತಿರುವುಗಳು. ವರ್ತಕ ಮೂರು ವರ್ಷ ಓಡಿದ. ಮೂರು ವರ್ಷವೂ ಎರಡನೆಯವನಾದ. ಅವನನ್ನು ಸೋಲಿಸುತ್ತಿದ್ದವನು ಒಬ್ಬ ಗುತ್ತಿಗೆದಾರ. ಗುತ್ತಿಗೆದಾರನ ಕಾರು ಗುಡ್ಡದ ತುದಿಯಲ್ಲಿದ್ದರೂ ಅದರ ಸದ್ದು ಬುಡದಲ್ಲಿ ಕೇಳಿಸುತ್ತಿತ್ತು.

ವರ್ತಕ ಒಬ್ಬ ಮೇಸ್ತ್ರಿಯ ಬಳಿಗೆ ಹೋದ. "ನನ್ನ ಕಾರಿಗೂ ಅಂಥದೇ ದೊಡ್ಡ ಸೈಲೆನ್ಸರ್ ಹಾಕು" ಎಂದ.

ಮೇಸ್ತ್ರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾರನ್ನು ಗುಡ್ಡಕ್ಕೆ ಒಯ್ದು ಗಡಿಯಾರ ಹಿಡಿದು ಓಡಿಸಿದ. ಇಳಿದು ಬಂದು, ಎಂಜಿನ್ ಓಡುತ್ತಿರುವಾಗಲೇ ಹಿಂದಿನ ಕೊಳವೆಯ ಬಾಯಿಗೆ ಅಂಗೈ ಒಡ್ಡಿ ನಿಂತ. ಆಮೇಲೆ ಹೇಳಿದ:

"ಸಾಹುಕಾರರೇ, ಅವರದು ದೊಡ್ಡ ಎಂಜಿನ್. ಅಷ್ಟು ಅಗಲದ ಕೊಳವೆ ನಿಮ್ಮದಕ್ಕೆ ಹಾಕಿದರೆ ಸದ್ದು ಬರುತ್ತದೆ, ಪಿಕಪ್ ಹೋಗುತ್ತದೆ. ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಎಳೆಯುವಾಗ ಬೇಕಾದದ್ದು ಪಿಕಪ್. ಕೊಳವೆಯನ್ನು ಅರ್ಧ ಬೆರಳಿನಷ್ಟು ಅಗಲ ಮಾಡೋಣ. ಒಳಗೆ ಬರುವ ಗಾಳಿಯ ದಾರಿಯನ್ನು ಅದಕ್ಕೆ ತಕ್ಕ ಹಾಗೆ ತಿದ್ದೋಣ. ಎರಡಕ್ಕೂ ಹೊಂದುವ ಹಾಗೆ ಪೆಟ್ರೋಲಿನ ಅಳತೆ ಕೂಡಿಸೋಣ. ಇವು ಮೂರು ಕೆಲಸವಲ್ಲ, ಒಂದೇ ಕೆಲಸ."

"ಕಾರು ನಿನ್ನದೋ, ನನ್ನದೋ?"

"ಕಾರು ನಿಮ್ಮದು. ಕೆಟ್ಟರೆ ಹೋಗುವ ಹೆಸರು ನನ್ನದು."

ವರ್ತಕ ನಕ್ಕು ಒಪ್ಪಿಕೊಂಡ.

ಮೇಸ್ತ್ರಿ ಹನ್ನೆರಡು ದಿನ ಕೆಲಸ ಮಾಡಿದ. ಕಾರಿನ ಜೊತೆಗೆ ಬಂದಿದ್ದ ಕಪ್ಪು ಫಿಲ್ಟರ್ ಪೆಟ್ಟಿಗೆಯನ್ನು ಎಸೆಯಲಿಲ್ಲ. ಅದರ ಬಾಯಿಯನ್ನು ಸ್ವಲ್ಪ ದೊಡ್ಡದು ಮಾಡಿ, ಕಾರಿನ ಮುಂಭಾಗದಿಂದ ಗಾಳಿ ಬರುವಂತೆ ದಾರಿ ಕೊಟ್ಟ. ಒಂದು ಕಡೆ ತಿದ್ದಿದಾಗಲೆಲ್ಲ ಗುಡ್ಡಕ್ಕೆ ಹೋಗಿ ಗಡಿಯಾರ ನೋಡಿ ಬಂದ. ಕೊನೆಗೆ ಕಾರು ಮೊದಲಿಗಿಂತ ನಾಲ್ಕು ಸೆಕೆಂಡು ಬೇಗ ಏರಿತು. ಗುತ್ತಿಗೆದಾರನನ್ನು ಸೋಲಿಸಲು ಮೂರು ಸಾಕಾಗಿತ್ತು.

ಕಾರು ಒಪ್ಪಿಸುವಾಗ ಮೇಸ್ತ್ರಿ ಹೇಳಿದ: "ಈ ಪೆಟ್ಟಿಗೆ ನೋಡಲು ಚೆಂದವಿಲ್ಲ. ಆದರೆ ತಣ್ಣನೆಯ ಗಾಳಿ ತರುತ್ತದೆ. ಇದನ್ನು ಮುಟ್ಟಬೇಡಿ. ಮುಟ್ಟಿದರೆ ನಾನು ಕೂಡಿಸಿದ್ದೆಲ್ಲ ತಪ್ಪುತ್ತದೆ."

ವರ್ತಕ ಕಾರನ್ನು ಗೆಳೆಯರಿಗೆ ತೋರಿಸಿದ. ಗೆಳೆಯರು ಕಿವಿಗೊಟ್ಟು ಕೇಳಿದರು.

"ಹನ್ನೆರಡು ದಿನ ಗ್ಯಾರೇಜಿನಲ್ಲಿಟ್ಟು ತಂದದ್ದು ಈ ಹೊಲಿಗೆ ಮಿಷನ್ ಸದ್ದನ್ನೇ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಮನೆಗೆ ಹೋಗಿ, ಪೆಟ್ಟಿಗೆಯೇ ಇಲ್ಲದ, ತೆರೆದ, ಹೊಳೆಯುವ ಒಂದು ಫಿಲ್ಟರ್ ತಂದುಕೊಟ್ಟ.

ಪಂದ್ಯದ ಹಿಂದಿನ ದಿನ ವರ್ತಕ ತಾನೇ ಕಪ್ಪು ಪೆಟ್ಟಿಗೆ ಕಳಚಿ ಹೊಳೆಯುವುದನ್ನು ಹಾಕಿದ. ಅರ್ಧ ಗಂಟೆಯ ಕೆಲಸ. ಸದ್ದು ಎರಡರಷ್ಟಾಯಿತು. ಬೀದಿಯ ಜನ ತಿರುಗಿ ನೋಡಿದರು. ಬಲವೂ ಎರಡರಷ್ಟಾಯಿತೆಂದು ವರ್ತಕ ತಿಳಿದ. ಗಡಿಯಾರ ಹಿಡಿದು ನೋಡಲಿಲ್ಲ. ಮೇಸ್ತ್ರಿಗೆ ಹೇಳಲೂ ಇಲ್ಲ.

ಪಂದ್ಯದ ದಿನ ಕಾರುಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ವರ್ತಕನ ಕಾರಿನ ಎಂಜಿನ್ ಓಡುತ್ತಲೇ ಇತ್ತು. ತೆರೆದ ಫಿಲ್ಟರು ಬಾನೆಟ್ಟಿನ ಕೆಳಗಿನ ಬಿಸಿಗಾಳಿಯನ್ನೇ ಕುಡಿಯಿತು. ಗಾಳಿ ಹೆಚ್ಚಾಗಿ, ಪೆಟ್ರೋಲ್ ಸಾಲದೆ, ಮೇಸ್ತ್ರಿ ಕೂಡಿಸಿದ್ದ ಹೊಂದಾಣಿಕೆ ತಪ್ಪಿತು. ವರ್ತಕನ ಸರದಿ ಬಂತು. ಆರು ತಿರುವುಗಳನ್ನು ಕಾರು ಚೆನ್ನಾಗಿಯೇ ದಾಟಿತು. ಏಳನೆಯದರಲ್ಲಿ ಕಟಕಟ ಎಂದಿತು, ನಿಂತಿತು.

ಜನ ಓಡಿ ಬಂದರು. ಮೇಸ್ತ್ರಿಯೂ ಬಂದ. ವರ್ತಕ ಇಳಿದು, ಎಲ್ಲರಿಗೂ ಕೇಳಿಸುವಂತೆ ಕೂಗಿದ: "ಇವನು ಗುತ್ತಿಗೆದಾರನಿಗೆ ತನ್ನನ್ನು ಮಾರಿಕೊಂಡಿದ್ದಾನೆ!"

"ಬಾನೆಟ್ ತೆರೆದು ನೋಡಿ" ಎಂದ ಮೇಸ್ತ್ರಿ.

"ಇನ್ನು ನನ್ನ ಕಾರಿಗೆ ನೀನು ಕೈ ಹಚ್ಚಬೇಡ!"

ಮೇಸ್ತ್ರಿ ಗುಡ್ಡ ಇಳಿದು ನಡೆದ. ಅವನು ಕೆಳಗೆ ಮುಟ್ಟುವ ಮೊದಲೇ ಆ ಮಾತು ಊರು ಮುಟ್ಟಿತ್ತು. ಒಂದು ತಿಂಗಳಲ್ಲಿ ಅವನ ಶೆಡ್ಡಿಗೆ ಕಾರು ಬರುವುದು ನಿಂತಿತು. ಅವನು ಬಾಗಿಲು ಹಾಕಿ, ಬಾವಿಗಳ ಪಂಪು ರಿಪೇರಿ ಮಾಡಿ ಬದುಕಿದ.

ವರ್ತಕ ಕಾರನ್ನು ಇನ್ನೊಂದು ಊರಿನ ಮೆಕ್ಯಾನಿಕ್ಕನ ಬಳಿಗೆ ಒಯ್ದ. ಮೆಕ್ಯಾನಿಕ್ ಬಾನೆಟ್ ತೆರೆದು ಪ್ಲಗ್‌ಗಳನ್ನು ಬಿಚ್ಚಿದ. ಅವು ಸುಣ್ಣದಂತೆ ಬೆಳ್ಳಗಿದ್ದವು.

"ಪೆಟ್ರೋಲ್ ಸಾಲದೆ ಎಂಜಿನ್ ಕಾದು ಸುಟ್ಟಿದೆ. ಉಳಿದ ಕೆಲಸ ಇಷ್ಟು ಚೊಕ್ಕವಾಗಿದೆ. ಈ ಫಿಲ್ಟರ್ ಹಾಕಿದ ದಡ್ಡ ಯಾರು?" ಎಂದು ಕೇಳಿದ.

ವರ್ತಕ "ನಾನು" ಎಂದ.

ಮೆಕ್ಯಾನಿಕ್ ಪಿಸ್ಟನ್ ಬದಲಿಸಿ, ಕಪ್ಪು ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂರಿಸಿದ. ಮೇಸ್ತ್ರಿ ಕೂಡಿಸಿದ್ದ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಗುಡ್ಡದಲ್ಲಿ ಗಡಿಯಾರ ಹಿಡಿದು ನೋಡಿದರು. ಅದೇ ನಾಲ್ಕು ಸೆಕೆಂಡು.

ವರ್ತಕ ಕೆಟ್ಟವನಲ್ಲ. ಅಂದೇ ಮೇಸ್ತ್ರಿಯ ಮನೆಗೆ ಹೋಗಬೇಕೆಂದುಕೊಂಡ. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಪಂದ್ಯ ಗೆದ್ದು ಬಹುಮಾನದ ಕಪ್ ಹಿಡಿದುಕೊಂಡೇ ಹೋಗೋಣ ಎಂದುಕೊಂಡ. ಮರುವರ್ಷ ಗೆದ್ದ. ಆಗ, ಒಂದು ವರ್ಷ ತಡಮಾಡಿದ್ದಕ್ಕೆ ಏನು ಹೇಳಲಿ ಎಂದು ನಾಚಿಕೊಂಡ. ಎರಡು ವರ್ಷವಾದಾಗ ನಾಚಿಕೆ ಇಮ್ಮಡಿಯಾಯಿತು. ಹೀಗೆ ಆರು ವರ್ಷ ಕಳೆಯಿತು.

"ಕಡೆಗೂ ಹೋದನೇ, ಮೇಡಂ?" ಎಂದು ಕೀರ್ತನ್ ಕೇಳಿದ.

"ನಡುವೆ ಬಾಯಿ ಹಾಕಬೇಡ ಎಂದಿದ್ದೆ."

ಅವನು ತಲೆ ತಗ್ಗಿಸಿದ. ನಾನು ಮುಂದುವರಿಸಿದೆ.

ಹೋದ. ಬಹುಮಾನದ ಕಪ್ ಹಿಡಿದುಕೊಂಡೇ ಹೋದ. ಮೇಸ್ತ್ರಿ ಮನೆಯ ಜಗಲಿಯಲ್ಲಿ ಕುಳಿತಿದ್ದ. ಗುರುತು ಹಿಡಿದು, ಕುಳಿತುಕೊಳ್ಳಲು ಚಾಪೆ ಸರಿಸಿಕೊಟ್ಟ.

"ತಪ್ಪು ನನ್ನದು" ಎಂದ ವರ್ತಕ.

ಮೇಸ್ತ್ರಿ ಕಿವಿಗೆ ಕೈ ಅಡ್ಡ ಹಿಡಿದ. ವರ್ತಕ ಮತ್ತೆ ಹೇಳಿದ. ಮೇಸ್ತ್ರಿ ನಗುತ್ತ ತಲೆ ಅಲ್ಲಾಡಿಸಿದ, ಕೇಳಿಸುತ್ತಿಲ್ಲ ಎಂದು. ಒಂದು ಆಯುಷ್ಯ ಎಂಜಿನ್‌ಗಳ ಪಕ್ಕದಲ್ಲಿ ತಲೆಯಿಟ್ಟವನ ಕಿವಿ ಪೂರ್ತಿ ಹೋಗಿತ್ತು. ಬರೆದು ತೋರಿಸೋಣವೆಂದರೆ ಅವನಿಗೆ ಓದು ಬಾರದು. ವರ್ತಕ ಮೂರನೆಯ ಸಲ, ಗುಡ್ಡದಲ್ಲಿ ಕೂಗಿದಷ್ಟೇ ಜೋರಾಗಿ ಕೂಗಿ ಹೇಳಿದ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅವರೆಲ್ಲರಿಗೂ ಕೇಳಿಸಿತು. ಕೇಳಿಸಬೇಕಾದವನಿಗೆ ಕೇಳಿಸಲಿಲ್ಲ.

ಮೇಸ್ತ್ರಿ ಆ ಕಪ್ ನೋಡಿದ, ವರ್ತಕನ ಮುಖ ನೋಡಿದ. ಆಮೇಲೆ ಕೇಳಿದ:

"ಬಾನೆಟ್ ತೆರೆದು ನೋಡಿದಿರಾ?"

ವರ್ತಕ ಹೌದೆಂದು ತಲೆಯಾಡಿಸಿದ. ಮೇಸ್ತ್ರಿಯೂ ತಲೆಯಾಡಿಸಿದ. ಅದು ಕ್ಷಮೆಯೋ, ಬರಿಯ ಉಪಚಾರವೋ, ವರ್ತಕನಿಗೆ ಸಾಯುವ ತನಕ ತಿಳಿಯಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು. ಕೀರ್ತನ್ ಖಾಲಿ ಸ್ಟೂಲನ್ನೇ ನೋಡುತ್ತಿದ್ದ. ಬಳಿಕ, ಬಂದ ಕೆಲಸ ನೆನಪಾದವನಂತೆ, ತಗ್ಗಿದ ದನಿಯಲ್ಲಿ ಕೇಳಿದ:

"ಹಾಗಾದರೆ ಮೊದಲು ಯಾವುದು, ಮೇಡಂ?"

"ಇದ್ದಿನಬ್ಬ ಮೇಸ್ತ್ರಿಗೆ ಎಡಗಿವಿ ಇನ್ನೂ ಕೇಳಿಸುತ್ತದೆ, ಮೊದಲು ಹೋಗಿ ಅವರ ಕ್ಷಮೆ ಕೇಳು."