ಮಣಿಕಟ್ಟಿನ ಕುಣಿಕೆ

"ಗುರುಗಳೇ, ನನ್ನ ಕೈಯಾರೆ ಮಾಡಿದ ಒಂದು ವಸ್ತುವನ್ನು ನಾನು ಪ್ರೀತಿಸಿದರೆ ಯಾರಿಗೇನು ಕೇಡು? ದುಡ್ಡಿಗಾಗಿ ಮಾಡಿದ್ದಲ್ಲ, ಹೆಸರಿಗಾಗಿ ಮಾಡಿದ್ದಲ್ಲ. ಅದಕ್ಕೂ ಹೆದರಬೇಕು ಅನ್ನುತ್ತೀರಲ್ಲ, ಯಾಕೆ?"

ಶಿಷ್ಯ ಕೇಳಿದ ಧಾಟಿಯಲ್ಲಿ ಸ್ವಲ್ಪ ಮುನಿಸಿತ್ತು. ಗುರು ಕೂರುವಂತೆ ಕೈಯಲ್ಲೇ ಸನ್ನೆ ಮಾಡಿ, ಅವನು ಕೂತ ಮೇಲೆ ಈ ಕತೆ ಹೇಳಿದ.

ನದಿಯ ದಡದ ಒಂದು ಊರಿನಲ್ಲಿ ಒಬ್ಬ ಬೆರಳಚ್ಚುಗಾರನಿದ್ದ. ರಂಗಧಾಮ ಅಂತ ಹೆಸರು. ಹಗಲು ಕಚೇರಿಯಲ್ಲಿ ಟೈಪ್ ಮಾಡುವುದು, ಸಂಜೆ ಮನೆಯ ಹಿಂದಿನ ಜಗಲಿಯಲ್ಲಿ ಕೂತು ಗಾಳದ ಕೋಲು ಮಾಡುವುದು, ಇಷ್ಟೇ ಅವನ ಬದುಕು. ಮೀನಿನ ಮೇಲೆ ಅವನಿಗೆ ಆಸೆಯಿರಲಿಲ್ಲ. ಹೆಂಡತಿ ಮೀನಿನ ಸಾರು ಮಾಡಿದರೆ ಒಂದು ತುಂಡು ತಿಂದು ಎದ್ದುಬಿಡುತ್ತಿದ್ದ. ಆಸೆಯೆಲ್ಲ ಕೋಲಿನ ಮೇಲೆ.

ಬಿದಿರನ್ನು ತಾನೇ ಆರಿಸಿ ತರುತ್ತಿದ್ದ. ನೆರಳಿನಲ್ಲಿ ಒಣಗಿಸುತ್ತಿದ್ದ. ಕೆಂಡದ ಮೇಲೆ ಹದವಾಗಿ ಕಾಯಿಸಿ, ಮೊಣಕಾಲಿಗೆ ಆನಿಸಿ, ಸೊಟ್ಟ ತೆಗೆಯುತ್ತಿದ್ದ. ತುಂಡುಗಳನ್ನು ಒಂದರೊಳಗೊಂದು ಕೂರಿಸಿ, ಕೂಡಿದ ಕಡೆಯೆಲ್ಲ ರೇಷ್ಮೆ ನೂಲು ಸುತ್ತಿ, ಮೇಲೆ ವಾರ್ನಿಷ್ ಬಳಿಯುತ್ತಿದ್ದ. ವಾರ್ನಿಷ್ ಒಂದೇ ಕಡೆ ಇಳಿಯಬಾರದೆಂದು ಕೋಲನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತರೆ ಹೆಂಡತಿ ಕರೆದದ್ದೂ ಕೇಳುತ್ತಿರಲಿಲ್ಲ. ಅವನ ಕೋಲುಗಳಿಗೆ ದಾರ ಸುತ್ತುವ ರಾಟೆ ಇರಲಿಲ್ಲ. ಹಳೆಯ ಕಾಲದವರ ಹಾಗೆ ದಾರವನ್ನು ತುದಿಗೇ ಬಿಗಿಯುತ್ತಿದ್ದ.

ಒಂದು ಕೋಲು ಇನ್ನೊಂದರ ಹಾಗಿರುತ್ತಿರಲಿಲ್ಲ. ಬೇಕೆಂದು ಬಂದವನ ತೋಳಿನ ಉದ್ದ ಅಳೆಯುತ್ತಿದ್ದ, ಅಂಗೈ ಅಗಲ ನೋಡುತ್ತಿದ್ದ, ಅವನು ನಿಲ್ಲುವ ರೀತಿ ನೋಡುತ್ತಿದ್ದ. ಬಿಟ್ಟಿಯಾಗಿಯೇ ಕೊಡುತ್ತಿದ್ದ. ಕೊಟ್ಟ ಮೇಲೂ ಅದು ಕೊಟ್ಟ ಹಾಗಿರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮನುಷ್ಯನ ಆರೋಗ್ಯ ಕೇಳುವ ಮೊದಲು, "ಒದ್ದೆ ಒರೆಸಿ ಇಡ್ತೀರಿ ತಾನೇ? ಗೋಡೆಗೆ ಒರಗಿಸ್ಬೇಡಿ, ಬಾಗುತ್ತೆ" ಅನ್ನುತ್ತಿದ್ದ.

ಅವನಿಗೆ ಭಯ ಹಿಡಿದದ್ದು ಒಂದು ಮಳೆಗಾಲದಲ್ಲಿ. ಅಂಚೆಯವನೊಬ್ಬನಿಗೆ ಮಾಡಿಕೊಟ್ಟಿದ್ದ ಕೋಲನ್ನು ಮೀನೊಂದು ಕೈಯಿಂದ ಕಿತ್ತುಕೊಂಡು ಹೋಯಿತು. ಅಂಚೆಯವನು ಬಂದು, "ತಪ್ಪಾಯ್ತು ಸ್ವಾಮಿ, ಜಾರಿ ಹೋಯ್ತು" ಅಂದು ನಕ್ಕ. ರಂಗಧಾಮನಿಗೆ ನಗು ಬರಲಿಲ್ಲ. ನೀರಿನ ತಳದಲ್ಲಿ ಆ ಕೋಲು ಮಲಗಿರುವುದು, ನೂಲು ಕೊಳೆಯುವುದು, ಬಿದಿರು ಉಬ್ಬುವುದು ಅವನ ಕಣ್ಣ ಮುಂದೆ ಬಂತು. ಊಟ ಸೇರಲಿಲ್ಲ. ಮಾಡಿದ್ದೆಲ್ಲ ಹೀಗೇ ಒಂದೊಂದಾಗಿ ಹೋಗಿಬಿಟ್ಟರೆ ಎಂಬ ಯೋಚನೆ ಬಂದರೆ ಕಚೇರಿಯಲ್ಲೂ ಬೆರಳು ನಿಂತುಹೋಗುತ್ತಿತ್ತು.

ಅಂದಿನಿಂದ ಅವನು ಒಂದು ಹೊಸ ಪದ್ಧತಿ ಹಿಡಿದ. ಕೋಲಿನ ಹಿಡಿಗೆ ಒಂದು ಹುರಿಯ ಕುಣಿಕೆ ಕೂರಿಸಿದ. ಹಿಡಿಯುವವನ ಮಣಿಕಟ್ಟು ಅಳೆದು, ಅದಕ್ಕೆ ಸರಿಯಾಗಿ ಹೆಣೆದ ಕುಣಿಕೆ. ಕೈ ತೂರಿಸಿದರೆ ಸಡಿಲವಾಗಿರುತ್ತಿತ್ತು, ಎಳೆದರೆ ಬಿಗಿಯುತ್ತಿತ್ತು. ಬುಡವನ್ನು ನೂಲಿನಿಂದ ಮುಚ್ಚಿ ವಾರ್ನಿಷ್ ಹಾಕಿದ್ದರಿಂದ ಅದನ್ನು ಬಿಚ್ಚುವ ಹಾಗಿರಲಿಲ್ಲ. ಕುಣಿಕೆಗೆ ಕೈ ಹಾಕದೆ ಗಾಳ ಎಸೆಯಕೂಡದು ಎಂದು ಪ್ರತಿಯೊಬ್ಬನಿಂದಲೂ ಮಾತು ತೆಗೆದುಕೊಳ್ಳುತ್ತಿದ್ದ.

ಅವನ ಹೆಂಡತಿಯ ಅಣ್ಣ ಕೆಂಪರಾಜು ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ದೊಡ್ಡ ಆಳು, ದೊಡ್ಡ ಮಾತು. ರಂಗಧಾಮನಿಗೆ ಮದುವೆ ಮಾಡಿಸಿದವನೂ ಅವನೇ, ಮನೆಗೆ ಕಷ್ಟ ಬಂದರೆ ಮೊದಲು ಬಾಗಿಲಿಗೆ ಬರುವವನೂ ಅವನೇ. ಅವನಿಗೆಂದು ರಂಗಧಾಮ ಒಂದು ಕೋಲು ಮಾಡಿದ. ಅಷ್ಟು ಒಳ್ಳೆಯ ಕೋಲನ್ನು ಅದುವರೆಗೆ ಮಾಡಿರಲಿಲ್ಲ. ಕೆಂಪರಾಜು ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ, ಕುಣಿಕೆಯನ್ನು ನೋಡಿದ.

"ಇದೇನಯ್ಯಾ, ಮೀನು ಹಿಡಿಯೋಕೆ ಕೊಟ್ಟಿದ್ದೀಯೋ, ನನ್ನನ್ನ ಕಟ್ಟಿಹಾಕೋಕೋ?"

"ಕೋಲು ಕೈ ತಪ್ಪಬಾರ್ದು ಅಂತ, ಭಾವ."

"ನನ್ನ ತಂಗೀಗೆ ತಾಳಿ ಕಟ್ಟುವಾಗ್ಲೂ ನೀನು ಇಷ್ಟು ಬಿಗಿಯಾಗಿ ಕಟ್ಟಿರ್ಲಿಲ್ಲ" ಅಂದ ಕೆಂಪರಾಜು. ಒಳಗಿನಿಂದ ತಂಗಿ ನಕ್ಕಳು.

ಹೊಸ ಕೋಲು ಮೊದಲ ಸಲ ಬಾಗುವುದನ್ನು ನೋಡಲು ರಂಗಧಾಮ ತಪ್ಪದೆ ಹೋಗುತ್ತಿದ್ದ. ಭಾನುವಾರ ಬೆಳಿಗ್ಗೆ ಭಾವನ ಜೊತೆ ನದಿಗೆ ಹೋದ. ಮೇಲೆ ಎಲ್ಲೋ ಮಳೆಯಾಗಿ ನೀರು ಕೆಂಪಗಿತ್ತು. ಮಡುವಿನ ಮೇಲೆ ಚಾಚಿಕೊಂಡಿದ್ದ ಬಂಡೆಯ ಮೇಲೆ ಕೆಂಪರಾಜು ನಿಂತ. ಕುಣಿಕೆಗೆ ಕೈ ಹಾಕಿ, ರಂಗಧಾಮನಿಗೆ ತೋರಿಸಿ, "ಸರೀನಾ, ಧಣಿ?" ಅಂದು ಗಾಳ ಎಸೆದ. ರಂಗಧಾಮ ಅವನ ಬೆನ್ನ ಹಿಂದೆಯೇ ನಿಂತ. ಅವನ ಜೇಬಿನಲ್ಲಿ ನೂಲಿನ ತುದಿ ಕುಯ್ಯುವ ಸಣ್ಣ ಚಾಕುವಿತ್ತು. ಅದು ಯಾವಾಗಲೂ ಇರುತ್ತಿತ್ತು.

ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೋಲು ಬಾಗಿತು.

ಬಾಗಿದ್ದು ನಿಲ್ಲಲಿಲ್ಲ. ಮಡುವಿನ ತಳದಲ್ಲಿ ವರ್ಷಗಟ್ಟಲೆ ಬೆಳೆದ ಬಾಳೆಮೀನು ಇರಬೇಕು. ಅದು ಜಗ್ಗಲಿಲ್ಲ, ಹಾರಲಿಲ್ಲ, ಸುಮ್ಮನೆ ಆಳಕ್ಕೆ ಹೊರಟಿತು. ಕೋಲಿನ ತುದಿ ನೀರೊಳಗೆ ಹೋಯಿತು. ಕೆಂಪರಾಜು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದ. ಕಾಲ ಕೆಳಗೆ ಪಾಚಿಯಿತ್ತು. ಜಾರಿತು. ಬಂಡೆಯ ಮೇಲೆ ಕುಂಡಿ ಊರಿ ಬಿದ್ದವನು ಹಾಗೇ ಕೆಳಕ್ಕೆ ಸರಿದ. ಎಡಗೈಗೆ ಬಂಡೆಯ ಒಂದು ಬಿರುಕು ಸಿಕ್ಕಿತು. ಬಲಗೈ ಕುಣಿಕೆಯಲ್ಲಿತ್ತು. ಕೋಲು ಕೈಬಿಟ್ಟರೂ ಕುಣಿಕೆ ಬಿಡಲಿಲ್ಲ. ಅದು ಮಾಂಸಕ್ಕೆ ಇಳಿಯಿತು.

ರಂಗಧಾಮ ಮುಂದಕ್ಕೆ ನುಗ್ಗಿ, ಮೊಣಕಾಲೂರಿ, ಕೈ ಚಾಚಿ ಹಿಡಿದ. ಹಿಡಿದ ಮೇಲೆ ನೋಡಿಕೊಂಡ. ಅವನ ಎರಡೂ ಕೈಯಲ್ಲಿದ್ದದ್ದು ಕೋಲು. ಭಾವನ ತೋಳು ಅದರ ಪಕ್ಕದಲ್ಲೇ ಇತ್ತು.

"ಕುಯ್ಯೋ" ಅಂದ ಕೆಂಪರಾಜು. ನೀರು ಅವನ ಸೊಂಟದವರೆಗೆ ಬಂದಿತ್ತು.

"ಒಂಚೂರು ತಡೀರಿ ಭಾವ. ದಣೀತಾ ಇದೆ ಅದು."

ಮೀನು ದಣಿಯುತ್ತಿರಲಿಲ್ಲ. ರಂಗಧಾಮನಿಗೆ ಅದು ಅಂಗೈಯಲ್ಲೇ ಗೊತ್ತಾಗುತ್ತಿತ್ತು. ಬಿದಿರಿನ ಒಂದೊಂದು ಗೆಣ್ಣೂ ಎಷ್ಟು ತಡೆಯುತ್ತದೆಂದು ಅವನಿಗೆ ಗೊತ್ತಿತ್ತು. ಭಾವನ ಬೆರಳುಗಳು ಆ ಬಿರುಕಿನಲ್ಲಿ ಎಷ್ಟು ತಡೆಯುತ್ತವೆಂಬುದು ಗೊತ್ತಿರಲಿಲ್ಲ.

ನೀರು ಎದೆಗೆ ಬಂತು. ಕೆಂಪರಾಜು ಕತ್ತು ತಿರುಗಿಸಿ ರಂಗಧಾಮನನ್ನು ನೋಡಿದ. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಗುರುತು ಹತ್ತದ ಯಾರನ್ನೋ ನೋಡುವ ಹಾಗೆ ನೋಡಿದ. ಎಡಗೈಯ ಒಂದು ಬೆರಳು ಬಿರುಕಿನಿಂದ ಕಳಚಿತು. ಮತ್ತೊಂದು ಕಳಚಿತು.

ಅಷ್ಟರಲ್ಲಿ ರಂಗಧಾಮನ ಅಂಗೈಯೊಳಗೆ ಚಿಟ್ ಎಂದು ಒಂದು ಸದ್ದಾಯಿತು. ನದಿಯ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸುವಂಥದ್ದಲ್ಲ. ಅವನ ಕೈ ಜೇಬಿಗೆ ಹೋಯಿತು. ಚಾಕು ತೆಗೆದ, ಕುಣಿಕೆಗೆ ಹಾಕಿದ, ಕುಯ್ದ. ಕೋಲು ಒಮ್ಮೆ ನೀರಿನ ಮೇಲೆ ನೆಟ್ಟಗೆ ನಿಂತು ಒಳಗೆ ಹೋಯಿತು. ಅವನು ಭಾವನ ತೋಳು ಹಿಡಿದು ಬಂಡೆಗೆ ಎಳೆದುಕೊಂಡ.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎಲ್ಲವನ್ನೂ ನೋಡಿದ್ದರು. ಊರೆಲ್ಲ ಒಂದೇ ಮಾತಾಯಿತು. ಆ ಸಣಕಲ ಬೆರಳಚ್ಚುಗಾರ ಅಷ್ಟು ಹೊತ್ತು ಕೋಲನ್ನು ಹಿಡಿದು ನಿಂತಿದ್ದರಿಂದಲೇ ಗಿರಣಿಯವನು ಉಳಿದ ಎಂದರು. ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಗಂಡನ ಕಾಲು ಮುಟ್ಟಿದಳು. ರಂಗಧಾಮ ಕಾಲು ಹಿಂದಕ್ಕೆ ಎಳೆದುಕೊಂಡ.

ಅವನ ನಿಜವಾದ ಭಯ ಶುರುವಾದದ್ದು ಆಮೇಲೆ.

ಕೆಂಪರಾಜು ಮೊದಲಿನ ಹಾಗೆಯೇ ಮನೆಗೆ ಬರುತ್ತಿದ್ದ. ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಒಂದು ಗಾಯದ ಗುರುತು ಉಳಿದಿತ್ತು. ಗಡಿಯಾರವನ್ನು ಆ ಕೈಗೆ ಬದಲಾಯಿಸಿ ಅದನ್ನು ಮುಚ್ಚಿಕೊಂಡಿದ್ದ. ಬಂದವರ ಮುಂದೆ, "ನಮ್ಮ ರಂಗಧಾಮ ಇಲ್ದಿದ್ರೆ ನಾನೆಲ್ಲಿರ್ತಿದ್ದೆ" ಅನ್ನುತ್ತಿದ್ದ. ಹಾಗೆ ಅನ್ನುವಾಗ ರಂಗಧಾಮನ ಕಡೆ ನೋಡುತ್ತಿರಲಿಲ್ಲ. ರಂಗಧಾಮ ಕಾಫಿ ಲೋಟ ಹಿಡಿದು ಕೂತಿರುತ್ತಿದ್ದ. ಇವತ್ತು ಕೇಳುತ್ತಾನೆ, ಇವತ್ತು ಹೇಳುತ್ತಾನೆ, ತಂಗಿಯ ಎದುರಿಗೇ ಹೇಳುತ್ತಾನೆ ಎಂದು ಕಾಯುತ್ತಿದ್ದ. ಗೇಟಿನ ಚಿಲಕದ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ.

ಒಂದು ಸಲ ಜಗಲಿಯಲ್ಲಿ ಇಬ್ಬರೇ ಇದ್ದರು. ಗೋಡೆಯ ಗೂಟಗಳ ಮೇಲೆ ಸಾಲಾಗಿ ಮಲಗಿಸಿದ್ದ ಕೋಲುಗಳನ್ನು ನೋಡುತ್ತ ಕೆಂಪರಾಜು ಕೇಳಿದ.

"ಆ ಕೋಲು ಹೋಯ್ತಲ್ಲ. ಬೇಜಾರಾಯ್ತೇನಯ್ಯಾ?"

"ಕೋಲು ಹೋದ್ರೆ ಹೋಗ್ಲಿ ಭಾವ. ನೀವು ಉಳಿದ್ರಲ್ಲ."

"ಹೂಂ" ಅಂದ ಕೆಂಪರಾಜು. "ಯಾರನ್ನ ಕೇಳಿದ್ರೂ ಹಾಗೇ ಅಂತಾರೆ." ಎದ್ದು ಚಪ್ಪಲಿ ಹಾಕಿಕೊಂಡು ಹೋದ. ಕೋಪದಲ್ಲಿ ಹೋದ ಹಾಗೂ ಕಾಣಲಿಲ್ಲ.

ಕೋಪ ಮಾಡಿದ್ದರೆ ರಂಗಧಾಮನಿಗೆ ಸಮಾಧಾನವಾಗುತ್ತಿತ್ತು. ಭಾವ ಹೋದ ಮೇಲೆ ಅವನು ಗೋಡೆಯಿಂದ ಒಂದು ಕೋಲು ತೆಗೆದ. ಬಚ್ಚಲ ಒಲೆ ಉರಿಯುತ್ತಿತ್ತು. ಕೋಲುಗಳನ್ನೆಲ್ಲ ಸುಟ್ಟುಬಿಡೋಣ, ಅವು ಹೋದರೆ ಈ ಭಯವೂ ಹೋಗುತ್ತದೆ ಅಂದುಕೊಂಡ. ತುದಿಯನ್ನು ಬೆಂಕಿಯ ಹತ್ತಿರ ಹಿಡಿದ. ವಾರ್ನಿಷ್ ಬಿಸಿಗೆ ಗುಳ್ಳೆ ಎದ್ದಿತು. ಕೂಡಲೇ ಅವನ ಕೈ ಅದನ್ನು ಹಿಂದಕ್ಕೆ ಸೆಳೆದುಕೊಂಡಿತು. ಅವನು ಸೆಳೆದುಕೊಳ್ಳಬೇಕು ಅಂದುಕೊಂಡಿರಲಿಲ್ಲ. ಪಂಚೆಯ ತುದಿಯಿಂದ ಆ ಗುಳ್ಳೆಯನ್ನು ಮೆಲ್ಲಗೆ ಒತ್ತುತ್ತಿರುವುದು ಸ್ವಲ್ಪ ಹೊತ್ತಾದ ಮೇಲೆ ಅವನಿಗೇ ಕಂಡಿತು.

ಹೆಂಡತಿ ನೀರು ತೋಡಲು ಬಂದವಳು, "ಏನು ಮಾಡ್ತಿದ್ದೀರಿ ಇಲ್ಲಿ?" ಅಂದಳು.

"ಏನಿಲ್ಲ" ಅಂದ. ಅವಳ ಕೈಯನ್ನು ನೋಡಿದ, ತನ್ನ ಕೈಯನ್ನು ನೋಡಿದ. ಅಂದಿನಿಂದ ಅವನು ಹೆಂಡತಿಯ ಜೊತೆ ನದಿಯ ಕಡೆಗೆ ಹೋಗಲಿಲ್ಲ. ಬಾವಿಯ ಹತ್ತಿರ ಅವಳು ನಿಂತರೆ ದೂರ ಸರಿಯುತ್ತಿದ್ದ. ತನ್ನ ಕೈ ಮೊದಲು ಯಾವುದನ್ನು ಹಿಡಿದೀತೆಂದು ಅವನಿಗೇ ನಂಬಿಕೆಯಿರಲಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಇದು ಸರಿಬರಲಿಲ್ಲ.

"ಆದರೂ ಗುರುಗಳೇ, ಅವನು ತೀರಾ ಹೆದರಿಕೊಂಡ. ಒಂದು ಗಳಿಗೆ ತಡ ಮಾಡಿದ, ನಿಜ. ಗಾಬರಿಯಲ್ಲಿ ಯಾರಿಗಾದರೂ ಆಗುತ್ತದೆ. ಕೊನೆಗೆ ತಾನೇ ಮಾಡಿದ ಕುಣಿಕೆಯನ್ನು ತಾನೇ ಕುಯ್ದನಲ್ಲ. ಕೋಲನ್ನು ಬಿಟ್ಟು ಮನುಷ್ಯನನ್ನು ಉಳಿಸಿಕೊಂಡನಲ್ಲ. ಅಲ್ಲಿಗೆ ಮೋಹ ಕಳೆಯಿತು ಅಂತಲೇ ಅರ್ಥವಲ್ಲವೇ?"

ಗುರು ಅವನ ಮುಖ ನೋಡಿ ಹೇಳಿದ:

"ಕುಯ್ದದ್ದು ನಿಜ, ಆದರೆ ಆ ಹೊತ್ತಿಗಾಗಲೇ ಅವನ ಕೈಯೊಳಗೆ ಕೋಲು ಸೀಳಿಹೋಗಿತ್ತು."