ಕೈ ಎತ್ತುವವರೆಗೆ

ಉಸಿರು ಕಟ್ಟಿ ನೀರಿಗಿಳಿದವನ ಮೇಲೆ ಒಬ್ಬ ಕಣ್ಣಿಟ್ಟಿರಬೇಕು. ಇಳಿದವನು ಮೇಲೆ ಬಂದು, ಉಸಿರೆಳೆದು, ತಾನಾಗಿ ಕೈ ಎತ್ತುವವರೆಗೆ ಆ ಕಣ್ಣು ಆಚೀಚೆ ಹೋಗಬಾರದು. ಮೇಲೆ ಬಂದ ಮೇಲೂ ಪ್ರಜ್ಞೆ ತಪ್ಪುವುದುಂಟು. ನಿಯಮ ಇಷ್ಟೇ. ಆ ಕೇರಿಯ ಬುದ್ಧಿವಂತರಿಗೆಲ್ಲ ಇದು ಬಾಯಿಪಾಠ. ಎಲ್ಲರೂ ಮುರಿದರು. ಕೇಳಿ.

ಕಡಲ ದಂಡೆಯಲ್ಲಿ ಮಾಸ್ತಮ್ಮ ಅಂತ ಒಬ್ಬ ಹೆಂಗಸು. ಗಂಡ ದುರ್ಗಯ್ಯ ಮುಳುಗಿ, ಬಂಡೆಗೆ ಕಚ್ಚಿದ ಪಚ್ಚಿಲೆ ಚಿಪ್ಪು ಕೀಳುವವನು. ಒಂದು ದಿನ ಮುಳುಗಿದವನು ಮೇಲೆ ಬರಲಿಲ್ಲ. ಅವತ್ತು ದೋಣಿಯಲ್ಲಿ ಕಣ್ಣಿಡಬೇಕಾದವನು ವೆಂಕಟ. ಬೀಡಿ ಹಚ್ಚಲು ಆಚೆ ತಿರುಗಿದ್ದ. ಈಗ ಆ ದೋಣಿಗೆ ಅವನೇ ಯಜಮಾನ, ವೆಂಕಟ ತಾಂಡೇಲ. ಬೀಡಿಯ ವಿಷಯ ಕೇರಿಗೆಲ್ಲ ಗೊತ್ತು, ಯಾರೂ ಎತ್ತುವುದಿಲ್ಲ.

ಮಾಸ್ತಮ್ಮನ ಮಗ ಜಟ್ಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ.

"ಈ ಮಳ್ಳನನ್ನು ಯಾರು ದೋಣಿ ಹತ್ತಿಸ್ತಾರೆ? ನಾನು ಹೋದ ಮೇಲೆ ಇವನ ಗಂಜಿಗೆ ಎಂತ ಗತಿ?" ಅಂತ ಮಾಸ್ತಮ್ಮ ತಾಂಡೇಲನ ಅಂಗಳದಲ್ಲಿ ಅತ್ತಳು.

ತಾಂಡೇಲ ಅವಳ ಮುಖ ನೋಡಲಿಲ್ಲ. "ಕಳಿಸು ಅಕ್ಕಾ, ಉಸಿರು ಕಟ್ಟೋದು ಕಲಿಸ್ತೇನೆ. ಕಲಿತರೆ ದೋಣಿಗೆ ಹತ್ತಿಸ್ತೇನೆ" ಅಂದ.

ತಾಂಡೇಲನ ಮೊದಲ ಪಾಠ. "ಮನೆಯಲ್ಲೇ ಕೂತು ಉಸಿರು ಕಟ್ಟು ತಮಾ. ಕಟ್ಟಿದಾಗ ಬಾಯಿ ಬಿಡಬೇಡ!"

ಜಟ್ಟ ಒಲೆ ಪಕ್ಕ ಕೂತ. ಉಸಿರು ಕಟ್ಟಿದ. ಬೆಕ್ಕು ಬಂತು, ಬಂಗಡೆ ಕಚ್ಚಿತು. ಜಟ್ಟ ಬಾಯಿ ಬಿಡಲಿಲ್ಲ. ಎರಡನೇ ಬೆಕ್ಕು ಬಂತು, ಉಳಿದ ಬಂಗಡೆ ಕಚ್ಚಿತು. ಜಟ್ಟ ಬಾಯಿ ಬಿಡಲಿಲ್ಲ. ಮುಖ ಮಾತ್ರ ಬೀಟ್‌ರೂಟ್ ಆಯಿತು.

"ಅಯ್ಯೋ ಪೆದ್ದೇ!" ಅಂತ ತಾಯಿ ತಲೆ ಚಚ್ಚಿಕೊಂಡಳು. "ಹಾಗೆ ಬಿಗಿಯೋದಲ್ವೋ! ಮೈಯೆಲ್ಲ ಸಡಿಲ ಬಿಡಬೇಕು, ಹೆಣದ ಹಾಗೆ! ನಿನ್ನಪ್ಪ ಹಾಗೇ ಮಾಡ್ತಿದ್ದ."

"ಆಯ್ತಮ್ಮ, ಹೆಣದ ಹಾಗೆ!"

ಮರುದಿನ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟ. ನಡುರಸ್ತೆಯಲ್ಲಿ ಪಾಠ ನೆನಪಾಯಿತು. ಮೈ ಸಡಿಲ ಬಿಟ್ಟ. ಬುಟ್ಟಿ ಒಂದು ಕಡೆ, ಜಟ್ಟ ಒಂದು ಕಡೆ. ಜನ ಸೇರಿದರು. ಯಾರೋ ಮುಖಕ್ಕೆ ಟವೆಲ್ ಹೊದಿಸಿದರು. ಮಾಸ್ತಮ್ಮ ಎದೆ ಬಡಿದುಕೊಂಡು ಓಡಿ ಬಂದು ಟವೆಲ್ ಎತ್ತಿದರೆ ಮಗ ಕಣ್ಣು ಪಿಳಿಪಿಳಿ ಬಿಟ್ಟ.

"ಹೀಗೇನಾ ಅಮ್ಮಾ?"

ಊರೆಲ್ಲ ನಕ್ಕಿತು. ಮಾಸ್ತಮ್ಮ ಸೆರಗನ್ನು ಮುಖಕ್ಕೆಳೆದುಕೊಂಡು ಮನೆ ಸೇರಿದಳು.

"ಮರ್ಯಾದೆ ತೆಗೆದೆಯಲ್ಲೋ!" ಅಂತ ಈ ಸಲ ತಾಂಡೇಲನೇ ಬೈದ. "ಮಲಗೋದೂ ಬೇಡ, ಕಟ್ಟೋದೂ ಬೇಡ. ಹೊಟ್ಟೆ ತುಂಬ ಉಸಿರೆಳಿ, ತುಟಿ ಮುಂದೆ ಮಾಡಿ ಉದ್ದಕ್ಕೆ ಬಿಡು. ಎಲ್ಲಿ ಕೂತರೂ ಅದನ್ನೇ ಮಾಡು!"

"ಆಯ್ತು ತಾಂಡೇಲಣ್ಣ, ಎಲ್ಲಿ ಕೂತರೂ!"

ಆ ವಾರವೇ ತಾಂಡೇಲನ ಮುದಿ ತಾಯಿ ತೀರಿಕೊಂಡಳು. ಹೆಣದ ತಲೆಯ ಹತ್ತಿರ ದೀಪ. ದೀಪದ ಹತ್ತಿರ ಜಟ್ಟ. ಹೊಟ್ಟೆ ತುಂಬ ಎಳೆದ, ಉದ್ದಕ್ಕೆ ಬಿಟ್ಟ. ದೀಪ ಆರಿತು! ಹೆಂಗಸರು ಚೀರಿ ಮತ್ತೆ ಹಚ್ಚಿದರು. ಜಟ್ಟ ಮತ್ತೆ ಎಳೆದ, ಮತ್ತೆ ಬಿಟ್ಟ.

ಮಾಸ್ತಮ್ಮ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಕಿವಿ ಹಿಡಿದು ಅಂಗಳಕ್ಕೆಳೆದಳು. "ನಿನಗೆ ಯಾವ ಪಾಠವೂ ಬೇಡ! ದೋಣಿಯಲ್ಲಿ ಸುಮ್ಮನೆ ಕೂತ್ಕೊ. ಮುಳುಗಿದವನ ಮೇಲೆ ಕಣ್ಣಿಡು. ಅವನು ತಾನಾಗಿ ಕೈ ಎತ್ತೋವರೆಗೆ ಯಾರು ಕರೆದರೂ, ಯಾರು ಬೈದರೂ ಕಣ್ಣು ತೆಗೀಬೇಡ!"

ಬಾಗಿಲಲ್ಲಿ ನಿಂತಿದ್ದ ತಾಂಡೇಲನಿಗೂ ಆ ಮಾತು ಕೇಳಿಸಿತು. ಸೂತಕ ಕಳೆದ ಮೇಲೆ ಜಟ್ಟನನ್ನು ದೋಣಿಗೆ ಹತ್ತಿಸಿಕೊಂಡ.

ಬಂಡೆಯ ಹತ್ತಿರ ತಾಂಡೇಲ ಮುಳುಗಿದ. ದೋಣಿಯಲ್ಲಿದ್ದವರಲ್ಲಿ ಒಬ್ಬ ಚಿಪ್ಪು ಆರಿಸುತ್ತಿದ್ದ. ಒಬ್ಬ ಪಕ್ಕದ ದೋಣಿಯ ಬಲೆ ನೋಡುತ್ತಿದ್ದ. ಇನ್ನೊಬ್ಬ ಬೀಡಿ ಹಚ್ಚುತ್ತಿದ್ದ. ತಾಂಡೇಲ ಮೇಲೆ ಬಂದ, ಚಿಪ್ಪಿನ ಚೀಲ ದೋಣಿಗೆಸೆದ.

"ಬಂದನಲ್ಲ! ಜಟ್ಟಾ, ಚೀಲ ಸುರಿ!" ಅಂದ ಚಿಪ್ಪು ಆರಿಸುವವನು.

"ಕೈ ಎತ್ತಲಿಲ್ಲ."

"ಚೀಲ ಎಸೆದನಲ್ಲೋ ಮಳ್ಳಾ!"

"ಎಸೆದ. ಕೈ ಎತ್ತಲಿಲ್ಲ."

"ನಿನ್ನ ಕೈಗಿಷ್ಟು ಬೆಂಕಿ ಹಾಕ! ಸುರಿಯೋ!"

"ಈಗ ತಲೆಯೂ ಕಾಣಲ್ಲ."

ಎಲ್ಲರೂ ತಿರುಗಿದರು. ನೀರಲ್ಲಿ ಕೂದಲಷ್ಟೇ ಕಾಣುತ್ತಿತ್ತು. ಧುಮುಕಿದರು, ಎಳೆದರು, ಕೆನ್ನೆಗೆ ಹೊಡೆದರು. ತಾಂಡೇಲ ಗೊರಕ್ ಎಂದು ಉಸಿರೆಳೆದ. ಬೀಡಿ ಇನ್ನೂ ಹೊಗೆಯಾಡುತ್ತಿತ್ತು. ದಡ ಮುಟ್ಟುವವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಜಟ್ಟ ಮಾತ್ರ ತಾಂಡೇಲನನ್ನೇ ನೋಡುತ್ತಿದ್ದ. ತಾಂಡೇಲ ಮನೆಗೆ ನಡೆದ, ಜಟ್ಟ ಹಿಂದೆ. ಉಣ್ಣಲು ಕೂತ, ಜಟ್ಟ ಎದುರಿಗೆ. ತಾಂಡೇಲ ತಟ್ಟೆ ಸರಿಸಿದ. ದುರ್ಗಯ್ಯನದೇ ಕಣ್ಣು, ರೆಪ್ಪೆ ಬಡಿಯುತ್ತಿಲ್ಲ!

"ಹೋಗೋ, ನಾನು ಬದುಕಿದ್ದೇನೆ!"

"ಕೈ ಎತ್ತಲಿಲ್ಲ."

ಎತ್ತಿದರೆ ಮುಗಿಯುತ್ತಿತ್ತು. ತಾಂಡೇಲ ಮಡಿಲಲ್ಲಿದ್ದ ಕೈ ನೋಡಿದ. ಅವತ್ತು ಬೀಡಿ ಹಚ್ಚಿದ ಕೈ. ದುರ್ಗಯ್ಯನ ಮಗನ ಎದುರು ಅದು ಮೇಲೇಳಲಿಲ್ಲ.

ಮಾಸ್ತಮ್ಮ ಓಡಿ ಬಂದಳು. "ಬಾರೋ ಪೆದ್ದೇ, ಉಣ್ಣೋರ ಎದುರು ಕೂರಬಾರದು!" ಅಂತ ರಟ್ಟೆ ಹಿಡಿದು ಹೊರಗೆಳೆದಳು. ತಾಂಡೇಲನ ಹೆಂಡತಿ ತಲೆ ತಗ್ಗಿಸಿ ಬಾಗಿಲು ಹಾಕಲು ಬಂದಳು.

ಜಟ್ಟ ಬಾಗಿಲ ಸಂದಿಗೆ ಕಾಲು ಕೊಟ್ಟು, ಒಳಗೆ ಕಣ್ಣಿಟ್ಟ.