ಕಂಚಿಗನಕೆರೆಯ ಕೂತ ಕಲ್ಲು

ಕಂಚಿಗನಕೆರೆಯ ಏರಿಯ ಮೇಲೆ ಬಸ್ಸಿಳಿದು ತೂಬಿನ ಕಡೆ ನಾಲ್ಕು ಹೆಜ್ಜೆ ನಡೆದರೆ, ಹೊಂಗೆ ಮರದ ನೆರಳಿನಲ್ಲಿ ಒಂದು ಕಲ್ಲು ಕಾಣುತ್ತದೆ. ಕಾಣುತ್ತದೆ ಎಂದರೂ ಹುಡುಕಿಯೇ ನೋಡಬೇಕು, ಏಕೆಂದರೆ ನೆಲದ ಮೇಲೆ ಅದು ಇರುವುದು ಒಂದೂವರೆ ಮೊಳ ಮಾತ್ರ. ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೊರೆದಿದ್ದಾರೆ. ಅದರ ಕೆಳಗೆ ಒಂದು ಹಸುವಿನ ತಲೆ, ಕೊಂಬು, ಕುತ್ತಿಗೆ. ಅಲ್ಲಿಗೆ ನೆಲ ಬಂತು. ಹಸುವಿನ ಮೈಯೂ ಹಾಲು ಕುಡಿಯುವ ಕರುವೂ ಮಣ್ಣಿನೊಳಗಿವೆ. ನೋಡಲು ಬಂದವರೆಲ್ಲ ಅಯ್ಯೋ ಪಾಪ, ಹೂಳಿನಲ್ಲಿ ಹೂತುಹೋಗಿದೆ ಎನ್ನುತ್ತಾರೆ. ಒಬ್ಬರು ಹಾಗೆಂದು ಪತ್ರಿಕೆಯಲ್ಲಿಯೂ ಬರೆದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಕೆರೆಯ ಹೂಳು ಕೆರೆಯೊಳಗೆ ತುಂಬುತ್ತದೆಯೇ ಹೊರತು ಏರಿ ಹತ್ತಿ ಬಂದು ಹೊಂಗೆ ಮರದ ಬುಡದಲ್ಲಿ ಕೂರುವುದಿಲ್ಲ. ಈ ಕಲ್ಲನ್ನು ಯಾವ ಹೂಳೂ ಹೂಳಲಿಲ್ಲ. ಊರಿನವರೇ ಬೇಕೆಂದು ಗುಂಡಿ ತೋಡಿ ಇಳಿಸಿದರು. ಅದಕ್ಕೇ ಇದು ಕೂತ ಕಲ್ಲು. ಇದರ ಸಂಗತಿಯನ್ನು ನನ್ನ ಸೋದರತ್ತೆ ಹೇಗೆ ಹೇಳುತ್ತಿದ್ದರೋ ಹಾಗೆಯೇ ಬರೆಯುತ್ತೇನೆ. ಹೆಚ್ಚು ಕಡಿಮೆಯಾಗಿದ್ದರೆ ತಪ್ಪು ನನ್ನದು, ಅತ್ತೆಯದಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಎನ್ನುತ್ತಾರೆ, ಈ ಕಲ್ಲು ಆಳೆದೆಯ ಎತ್ತರಕ್ಕೆ ನಿಂತಿತ್ತು. ಆಗ ಅದರ ಹೆಸರು ಸಾಕ್ಷಿಗಲ್ಲು. ಊರಿನಲ್ಲಿ ನೀರಿನ ಜಗಳವೋ ಬದುವಿನ ಜಗಳವೋ ಬಂದರೆ ನ್ಯಾಯ ಸೇರುತ್ತಿದ್ದುದು ಅದರ ಮುಂದೆ. ಸಾಕ್ಷಿ ಹೇಳುವವನು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಬೇರೆ ಯಾರ ಕೈಯೂ ಅವನ ಮೈಗೆ ತಾಕಿರಬಾರದು, ಬಲ ಅಂಗೈಯನ್ನು ಸೂರ್ಯ ಚಂದ್ರರ ಮೇಲಿಟ್ಟು ಕಂಡದ್ದನ್ನು ನುಡಿಯಬೇಕು. ಹಾಗೆ ನುಡಿದದ್ದು ಮಾತು. ಉಳಿದದ್ದೆಲ್ಲ ಗಾಳಿಗೆ ತೂರಿದ ಹೊಟ್ಟು. ಕಟ್ಟಳೆ ಮಾಡಿದವರು ಬುದ್ಧಿವಂತರೇ ಇರಬೇಕು, ಯಾರೂ ಯಾರನ್ನೂ ಹೆದರಿಸಿ ಸುಳ್ಳು ಹೇಳಿಸದಿರಲಿ ಎಂದು ಹಾಗೆ ಮಾಡಿದರು. ನಿಲ್ಲಲಾರದವರೂ ಊರಿನಲ್ಲಿ ಇರುತ್ತಾರೆ ಎನ್ನುವುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಅಂಥವಳೊಬ್ಬಳು ಇದ್ದಳು. ಹೆಸರು ಬೊಮ್ಮಕ್ಕ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಸೊಂಟದ ಕೆಳಗಿನ ಬಲವೆಲ್ಲ ಹೋಗಿತ್ತು. ತಾಯಿ ತಂದೆ ತೀರಿದ ಮೇಲೆ ಅಣ್ಣ ಜುಂಜಣ್ಣನೇ ಅವಳಿಗೆ ಕಾಲು. ಬೆಳಿಗ್ಗೆ ಬೆನ್ನ ಮೇಲೆ ಹೊತ್ತು ತಂದು ಹೊಂಗೆ ಮರದ ಕೆಳಗೆ ಕೂರಿಸುವನು, ಸಂಜೆ ಹೊತ್ತು ಮನೆಗೆ ಒಯ್ಯುವನು. ಹಗಲೆಲ್ಲ ಅವಳು ಅಲ್ಲಿ ಕುಳಿತು ಪುಂಡಿ ನಾರಿನ ಹಗ್ಗ ಹೊಸೆಯುವಳು. ಊರಿನ ಬಾವಿಗೆಲ್ಲ ಅವಳ ಹಗ್ಗವೇ. ಆದರೂ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಜುಂಜಣ್ಣನ ತಂಗಿ ಎನ್ನುತ್ತಿದ್ದರು. ಅವಳು ಎದುರಿಗೇ ಕುಳಿತಿದ್ದರೂ ಅವಳ ತಲೆಯ ಮೇಲಿಂದ ಅಣ್ಣನನ್ನು ನೋಡಿ, ನಿನ್ನ ತಂಗಿ ಉಂಡಳಾ, ನಿನ್ನ ತಂಗಿಗೆ ಹುಷಾರಾ ಎಂದು ಕೇಳುವರು. ಕೆಟ್ಟ ಜನರೇನೂ ಅಲ್ಲ. ಹಬ್ಬದ ದಿನ ನಾಲ್ಕು ಮನೆಯಿಂದ ಹೋಳಿಗೆ ಬರುತ್ತಿತ್ತು. ಆದರೆ ಹೋಳಿಗೆ ಕೊಡುವುದು ಬೇರೆ, ಮಾತು ಕೇಳುವುದು ಬೇರೆ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ವರ್ಷ ಮಳೆ ಅರ್ಧಕ್ಕೇ ಕೈ ಬಿಟ್ಟು, ಕೆರೆಯಲ್ಲಿ ಸೊಂಟದುದ್ದ ನೀರು ಉಳಿಯಿತು. ಭತ್ತ ಹೊಡೆ ಬಂದು ತೆನೆ ಬಿಡುವ ಕಾಲ. ನೀರುಗಂಟಿ ಕರಿಹನುಮ, ಎಂದರೆ ತೂಬು ಕಾಯ್ದು ಸರದಿ ಪ್ರಕಾರ ನೀರು ಬಿಡುವವನು, ಒಂದು ಮನೆಗೆ ಒಂದು ಜಾವದಂತೆ ಬಿಗಿ ಹಿಡಿದು ಬಿಡುತ್ತಿದ್ದ. ಜುಂಜಣ್ಣನ ಗದ್ದೆ ಎಲ್ಲಕ್ಕೂ ತುದಿಯಲ್ಲಿತ್ತು. ಅವನ ಸರದಿಗೆ ಇನ್ನೂ ನಾಲ್ಕು ದಿನ, ಪೈರು ಆಗಲೇ ಬಾಡುತ್ತಿತ್ತು. ಒಂದು ದಿನ ನಡು ಮಧ್ಯಾಹ್ನ ಕರಿಹನುಮ ಉಣ್ಣಲು ಮನೆಗೆ ಹೋದ ಸಮಯ ನೋಡಿ ಜುಂಜಣ್ಣ ತೂಬಿಗಿಳಿದು, ಅದರ ಬಾಯಿಗೆ ಬಡಿದಿದ್ದ ಮರದ ಬಿರಡೆಯನ್ನು ಸಡಿಲಿಸಿದ. ಸ್ವಲ್ಪ ಬಿಟ್ಟುಕೊಂಡು ಮುಚ್ಚುವ ಲೆಕ್ಕ ಅವನದು. ಬಿರಡೆ ಕೈ ಜಾರಿ ನೀರಿನ ಜೊತೆ ಕೊಚ್ಚಿಹೋಯಿತು. ಮುಚ್ಚಲು ನೋಡಿದ, ಆಗಲಿಲ್ಲ. ಗಾಬರಿಯಾಗಿ ಮೇಲೆ ಬಂದು, ಮರದ ಕೆಳಗಿದ್ದ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಓಡಿದ. ನಾರಿನ ಕಂತೆ ಅಲ್ಲೇ ಬಿದ್ದಿತ್ತು. ಕರಿಹನುಮ ಉಂಡು ಬರುವ ಹೊತ್ತಿಗೆ ಕೆರೆ ಅರ್ಧ ಹರಿದಿತ್ತು. ಅವನು ಮಂಡಿಯುದ್ದ ನೀರಿಗೆ ಬಿದ್ದು ತೂಬಿನ ಬಾಯಿಗೆ ಕಂಬಳಿ ತುರುಕುತ್ತಿದ್ದಾಗ ಜನ ಓಡಿ ಬಂದರು. ಅವರಿಗೆ ಕಂಡದ್ದು ತೂಬಿನ ಮೇಲೆ ಅವನ ಕೈ.

ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ಊರು ಬಾಯಿಗೆ ಬಂದಂತೆ ಆಡಿತು. ನೀರು ಕದ್ದವನಿಗೆ ಊರು ಬಿಡಿಸುವುದೇ ಶಿಕ್ಷೆ. ನಾಲ್ಕನೆಯ ದಿನ ಬೆಳಿಗ್ಗೆ ಕಲ್ಲಿನ ಮುಂದೆ ನ್ಯಾಯ ಸೇರಿತು. ಕರಿಹನುಮ ತಾನು ಬಿಟ್ಟಿಲ್ಲ ಎಂದ. ಹಾಗಾದರೆ ಯಾರು ಎಂದರೆ, ಉಣ್ಣಲು ಹೋಗಿದ್ದೆ, ಕಂಡಿಲ್ಲ ಎಂದ. ಆಗ ಅವನ ಹೆಂಡತಿ ಮುಂದೆ ಬಂದು, ತೂಬಿನ ಎದುರಿಗೇ ದಿನವೂ ಕೂರುವವಳು ಒಬ್ಬಳಿದ್ದಾಳಲ್ಲ, ಆ ದಿನ ಅವಳ ನಾರಿನ ಕಂತೆ ಮರದ ಕೆಳಗೇ ಬಿದ್ದಿತ್ತು, ಅವಳನ್ನೇಕೆ ಯಾರೂ ಕೇಳಲಿಲ್ಲ ಎಂದಳು. ಜನ ಎಂದಿನ ಹಾಗೆ ಜುಂಜಣ್ಣನ ಮುಖ ನೋಡಿದರು. ಅವಳೇನೂ ಕಂಡಿಲ್ಲ, ಕಂಡಿದ್ದರೆ ನನಗೆ ಹೇಳುತ್ತಿರಲಿಲ್ಲವೇ ಎಂದ ಅವನು. ಅಷ್ಟಕ್ಕೆ ಮುಗಿದುಹೋಗುತ್ತಿತ್ತೇನೋ. ಊರಿನ ಗೌಡ ಕಾಮಗೌಡ ಮುಂಗೋಪಿ, ಆದರೆ ಕಿವಿ ಚುರುಕು. ಅವನು ಎದ್ದು ಹೋಗಿ ಬೊಮ್ಮಕ್ಕನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ನೀನು ಹೇಳವ್ವ ಎಂದ. ಹುಟ್ಟಿ ಇಪ್ಪತ್ತೆಂಟು ವರ್ಷಕ್ಕೆ ಅವಳನ್ನು ಊರು ಕೇಳಿದ ಮೊದಲ ಮಾತು ಅದು ಎನ್ನುತ್ತಿದ್ದರು ನಮ್ಮತ್ತೆ. ಕಲ್ಲಿನ ಮೇಲೆ ಕೈಯಿಟ್ಟೇ ಹೇಳುತ್ತೇನೆ ಎಂದಳು ಬೊಮ್ಮಕ್ಕ.

ಅಲ್ಲಿಂದ ಶುರುವಾಯಿತು ತಕರಾರು. ಇಬ್ಬರು ಗಂಡಸರು ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿಯಲಿ ಎಂದರು ಕೆಲವರು. ಅವಳ ಪರವಾಗಿ ಅಣ್ಣ ಕೈಯಿಡಲಿ ಎಂದರು ಕೆಲವರು. ಬೊಮ್ಮಕ್ಕ ಎರಡಕ್ಕೂ ಒಪ್ಪಲಿಲ್ಲ. "ಎತ್ತಿ ಹಿಡಿದ್ರೆ, ಹಿಡಿದೋರು ಹೇಳಿಸಿದ್ರು ಅಂತ ನಾಳೆ ನೀವೇ ಅಂತೀರ. ನನ್ನ ಮಾತು ನಂದೇ ಆಗಬೇಕು" ಎಂದಳು. ಜನ ನಕ್ಕರು. ಕಾಮಗೌಡ ನಗಲಿಲ್ಲ. ಗಡ್ಡ ಕೆರೆಯುತ್ತ ಕಲ್ಲನ್ನು ಒಂದು ಸುತ್ತು ಸುತ್ತಿ, ಗುದ್ದಲಿ ತನ್ನಿ, ಕಲ್ಲನ್ನು ಇಳಿಸೋಣ, ಇವಳು ಕೂತೇ ಕೈಯಿಡಲಿ ಎಂದ. ಮುದುಕರು ಕಿವಿ ಮುಚ್ಚಿಕೊಂಡರು. ತಾತ ಮುತ್ತಾತರು ನೆಟ್ಟ ಕಲ್ಲು, ಅಲುಗಿಸಿದರೆ ಊರಿಗೆ ಕೇಡು ಎಂದರು. "ನೆಟ್ಟೋರು ಗುಂಡಿ ತೋಡೇ ನೆಟ್ಟಿದ್ದು. ನಾವು ಇನ್ನೊಂದೂವರೆ ಮೊಳ ತೋಡ್ತೀವಿ, ಅಷ್ಟೇ" ಎಂದ ಗೌಡ.

ಹೊತ್ತು ನೆತ್ತಿಗೇರಿ ಇಳಿಯುವತನಕ ಕೆಲಸ ನಡೆಯಿತು. ಕಲ್ಲಿಗೆ ಹಗ್ಗ ಬಿಗಿದು ಓರೆಯಾಗಿ ಎಳೆದು ಹಿಡಿದರು. ಹಗ್ಗ ಬೊಮ್ಮಕ್ಕ ಹೊಸೆದದ್ದೇ, ಊರಿನಲ್ಲಿ ಬೇರೆ ಹಗ್ಗ ಎಲ್ಲಿತ್ತು? ಜುಂಜಣ್ಣನೂ ಎಳೆದ. ಎಳೆಯದೆ ನಿಂತರೆ ಜನ ಏನೆಂದಾರು? ತನ್ನನ್ನು ದಿನವೂ ಹೊರುವ ಆ ಬೆನ್ನು ಬೆವರಿನಲ್ಲಿ ತೊಯ್ಯುವುದನ್ನು ಬೊಮ್ಮಕ್ಕ ನೋಡುತ್ತ ಕುಳಿತಿದ್ದಳು. ಸುಮ್ಮನಿದ್ದರೆ ತಪ್ಪಿಲ್ಲದವನು ಹೆಂಡತಿ ಮಕ್ಕಳೊಂದಿಗೆ ಊರು ಬಿಡುತ್ತಾನೆ. ಬಾಯಿ ಬಿಟ್ಟರೆ ಅಣ್ಣ ಬಿಡುತ್ತಾನೆ, ಆಮೇಲೆ ಅವಳು ಮನೆಯ ಹೊಸ್ತಿಲು ದಾಟುವುದೂ ಇಲ್ಲ. ಕೊನೆಗೆ ಕಲ್ಲು ಗುಂಡಿಗಿಳಿಯಿತು. ಬೊಮ್ಮಕ್ಕ ಅಂಗೈ ಊರಿಕೊಂಡು ತಾನೇ ತೆವಳಿ ಬಂದಳು. ಸೂರ್ಯ ಚಂದ್ರರ ಮೇಲೆ ಕೈಯಿಟ್ಟು, ಬಿರಡೆ ಕಿತ್ತವನು ನನ್ನಣ್ಣ ಜುಂಜಣ್ಣ, ನಾನು ಕಣ್ಣಾರೆ ಕಂಡೆ ಎಂದಳು.

ಜುಂಜಣ್ಣ ಇಲ್ಲವೆನ್ನಲಿಲ್ಲ, ತಲೆ ತಗ್ಗಿಸಿ ನಿಂತ. ಕಾಮಗೌಡನಿಗೆ ಅವನಿಗಿಂತ ಅವಳದೇ ಚಿಂತೆಯಾಯಿತು. ಇವನು ಊರು ಬಿಟ್ಟರೆ ನಿನ್ನನ್ನು ಹೊರುವವರು ಯಾರು ತಾಯಿ, ಅದನ್ನು ಯೋಚಿಸಿದೆಯಾ ಎಂದು ಕೇಳಿದ.

"ಅದನ್ನೇ ಯೋಚಿಸ್ತಾ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ, ಗೌಡ್ರೇ" ಎಂದಳು ಬೊಮ್ಮಕ್ಕ.

ಊರಿಗೆ ನಾಚಿಕೆಯಾಯಿತು. ಒಂದೇ ಬೆನ್ನಿನ ಆಸರೆ ಎಂದಲ್ಲವೇ ಅವಳು ನಿಜ ನುಂಗಿಕೊಂಡು ಕೂತದ್ದು? ಇನ್ನೊಂದು ಹೆಗಲು ಇದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲವಲ್ಲ! ಗೌಡ ಅಲ್ಲಿಯೇ ತೀರ್ಪು ಹೇಳಿದ. ಜುಂಜಣ್ಣ ಊರು ಬಿಡುವುದು ಬೇಡ, ಕರಿಹನುಮನ ಕಾಲಿಗೆ ಬಿದ್ದು ಮೂರು ವರ್ಷ ಅವನ ಕೈಕೆಳಗೆ ತೂಬಿನ ಕೆಲಸ ಮಾಡಲಿ. ಬೊಮ್ಮಕ್ಕನನ್ನು ಹೊರುವುದು ಇನ್ನು ಊರಿನ ಕೆಲಸ, ನೀರಿನ ಹಾಗೆಯೇ ಅದಕ್ಕೂ ಸರದಿ, ಒಂದು ದಿನಕ್ಕೆ ಒಂದು ಮನೆ. ಹೆಗಲು ತಪ್ಪಿಸಿದವರಿಗೆ ನೀರು ತಪ್ಪುತ್ತದೆ. ಎಲ್ಲರೂ ನಗುನಗುತ್ತ ಒಪ್ಪಿದರು ಎಂದರೆ ಸುಳ್ಳಾದೀತು. ಇದೆಲ್ಲಿಯ ಗ್ರಹಚಾರ ಎಂದು ಗೊಣಗಿದವರಿದ್ದರು. ಬೊಮ್ಮಕ್ಕನೂ ಸುಮ್ಮನಿರುವವಳಲ್ಲ. ನಿನ್ನ ಹೆಗಲಿಗಿಂತ ಕಲ್ಲುದಾರಿಯ ಬಂಡಿ ಮೇಲು ಎಂದು ಹೊತ್ತವರನ್ನೇ ಛೇಡಿಸುತ್ತಿದ್ದಳಂತೆ. ಬರಬರುತ್ತ ಅದೇ ರೂಢಿಯಾಯಿತು. ಹೆಂಗಸರು ಬಾವಿಕಟ್ಟೆಯಲ್ಲಿ, ಇವತ್ತು ನೀರು ಯಾರಿಗೆ, ಬೊಮ್ಮಕ್ಕ ಯಾರಿಗೆ ಎಂದು ಒಂದೇ ಉಸಿರಿನಲ್ಲಿ ಕೇಳುವಂತಾಯಿತು. ತೂಬಿನ ಎದುರು ಕುಳಿತು ಯಾರ ಸರದಿ ಎಲ್ಲಿಗೆ ಮುಗಿಯಿತೆಂದು ನೋಡುವವಳು ಅವಳೇ ಆದಳು. ಬೊಮ್ಮಕ್ಕ ಕಂಡಿದ್ದಾಳೆ ಎಂದರೆ ಜಗಳ ಅಲ್ಲಿಗೆ ನಿಲ್ಲುತ್ತಿತ್ತು.

ಅವಳು ಎಪ್ಪತ್ತು ದಾಟಿ ತೀರಿಕೊಂಡಳು. ಆಗ ಗೌಡಿಕೆ ಕಾಮಗೌಡನ ಮಗನದು. ಅವನಿಗೂ ನಾಲ್ಕು ಜನ ಹಿರಿಯರಿಗೂ ಒಂದು ಯೋಚನೆ ಬಂತು. ಯಾರಿಗಾಗಿ ಇಳಿಸಿದ್ದೆವೋ ಅವಳೇ ಹೋದಳು, ಹಸು ಕರು ಮಣ್ಣಿನೊಳಗಿರುವುದು ಊರಿಗೆ ಶೋಭೆಯಲ್ಲ, ಕಲ್ಲನ್ನು ಮೊದಲಿನಂತೆ ಎತ್ತಿ ನಿಲ್ಲಿಸೋಣ ಎಂದರು. ಒಂದು ಬೆಳಿಗ್ಗೆ ಜನ ಸೇರಿ ಸುತ್ತ ಮಣ್ಣು ಬಿಡಿಸಿ ಹಗ್ಗ ಬಿಗಿದರು. ಅಷ್ಟರಲ್ಲಿ ಏರಿಯ ಕೆಳಗಿನಿಂದ ಯಾರೋ ನೆಲ ಹಿಡಿದು ಬರುತ್ತಿರುವುದು ಕಾಣಿಸಿತು. ಜುಂಜಣ್ಣ. ಎಂಬತ್ತರ ಆಜುಬಾಜು, ಎರಡು ವರ್ಷದಿಂದ ಮಂಡಿ ನಿಂತುಹೋಗಿತ್ತು. ತಂಗಿಯ ಹಾಗೆಯೇ ಅಂಗೈ ಊರಿ, ಅಂಗೈ ಊರಿ ಬಂದ. ಯಾರೋ ಹಿಡಿಯಲು ಹೋದರೆ ಬೇಡವೆಂದ. ಕಲ್ಲಿನ ಪಕ್ಕ ಕುಳಿತು, ಸೂರ್ಯ ಚಂದ್ರರ ಮೇಲೆ ಬಲಗೈ ಇಟ್ಟ.

"ಅವತ್ತು ಇದನ್ನ ಇಳಿಸೋವಾಗ, ಇದು ಅವಳಿಗೆ ಅಂದುಕೊಂಡು ಹಗ್ಗ ಎಳೆದೆ ಕಣ್ರಪ್ಪ" ಎಂದ. "ಈಗ ನಂಗೂ ಎಟಕೋದು ಇಷ್ಟೇ."

ಹಗ್ಗ ಹಿಡಿದಿದ್ದವರಲ್ಲಿ ನಡು ಹರೆಯದವರಿದ್ದರು, ಮುದುಕರಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಂಟು ಬಿಚ್ಚಿದರು. ಬಿಡಿಸಿದ ಮಣ್ಣನ್ನು ಮತ್ತೆ ತುಂಬಿ ತುಳಿದರು. ಆ ದಿನ ಜುಂಜಣ್ಣನನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬಿಟ್ಟವನು ನೀರುಗಂಟಿ ಕರಿಹನುಮನ ಮಗ. ಮಾರನೆಯ ದಿನದಿಂದ ಹೊರುವ ಸರದಿ ಮತ್ತೆ ಶುರುವಾಯಿತು ಎನ್ನುತ್ತಾರೆ.

ಈಗ ಕಾಲುವೆ ಬಂದಿದೆ, ತೂಬಿಗೆ ಕಬ್ಬಿಣದ ಗೇಟು ಬಂದಿದೆ, ನ್ಯಾಯಕ್ಕೆ ತಾಲ್ಲೂಕಿನ ಕೋರ್ಟಿದೆ. ಆದರೂ ಪಂಚಾಯಿತಿಗೆ ಗೆದ್ದವರು ಮೊದಲ ದಿನ ಇಲ್ಲಿಗೆ ಬಂದು ಕಲ್ಲಿನ ಮೇಲೆ ಕೈಯಿಟ್ಟು ಹೋಗುತ್ತಾರೆ. ನೋಡಲು ಬಂದವರು ನಿಂತೇ ಫೋಟೊ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಸೂರ್ಯ ಚಂದ್ರರ ಗೆರೆಗಳು ಅಷ್ಟೊಂದು ಅಂಗೈಗಳಿಗೆ ಸವೆದು ನುಣುಪಾಗಿವೆ, ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ತಿಳಿಯುತ್ತವೆ. ಮುಟ್ಟಿ ನೋಡಬೇಕೆನ್ನುವವರು, ಗೌಡರಾಗಲಿ ಸಾಹೇಬರಾಗಲಿ, ಪಂಚೆಯೋ ಪ್ಯಾಂಟೋ ಮಣ್ಣಾದರೂ ಸರಿಯೆಂದು ನೆಲದ ಮೇಲೆ ಕೂರಬೇಕು.